ಓಟ ಮುಗಿಸಿದ ಚಿಗರಿ: ಧಾರವಾಡದ ಒಂದು ಫಾಸ್ಟರ್ ಮನೆಯ ಪ್ರಕರಣ

ಇಲ್ಲಿ ಬರುವ ನಾಯಿಯ ಹೆಸರನ್ನು ಬದಲಾಯಿಸಿದ್ದೇನೆ. ಅದನ್ನು ಇಟ್ಟುಕೊಂಡಿದ್ದ ಮನೆಯವರ ಹೆಸರು, ಓಣಿ, ನೌಕರಿ ಯಾವುದನ್ನೂ ಹೇಳುವುದಿಲ್ಲ. ಮನೆಯ ಹಿರಿಯರಿಬ್ಬರನ್ನು ಅಜ್ಜಾರು, ಅಮ್ಮಾರು ಅಂತಲೇ ಬರೆಯುತ್ತೇನೆ. ನಾವು ಕರೆಯುತ್ತಿದ್ದದ್ದೂ ಹಾಗೆಯೇ. ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಳೆದುಕೊಂಡ ನಾಯಿಗಳಿಗೆ ತಾತ್ಕಾಲಿಕ ಮನೆ, ಅಂದರೆ ಫಾಸ್ಟರ್ ಮನೆ, ಹುಡುಕುವ ಕೆಲಸ ಮಾಡುತ್ತೇನೆ. ಈ ಪ್ರಕರಣದಲ್ಲಿ ನನ್ನಿಂದ ಎರಡು ದೊಡ್ಡ ತಪ್ಪುಗಳಾದವು. ಅವನ್ನು ಮುಚ್ಚಿಡದೆ ಬರೆದಿದ್ದೇನೆ.

ಚಿಗರಿ ಎಲ್ಲಿಂದ ಬಂದಳು

ಚಿಗರಿ ಮುಧೋಳ ತಳಿಯ ಹೆಣ್ಣು ನಾಯಿ. ಹಲ್ಲು ನೋಡಿದ ಡಾಕ್ಟರ್ 4 ವರ್ಷ ಇರಬಹುದು ಎಂದರು. ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅವಳನ್ನು ಓಟದ ಸ್ಪರ್ಧೆಗೆಂದೇ ಸಾಕಿದ್ದರು. ಬೈಕಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಬಟ್ಟೆಯ ಗಂಟು ಕಟ್ಟಿ, ಬೈಕು ಮುಂದೆ ಓಡಿಸುತ್ತಾರೆ. ನಾಯಿ ಆ ಗಂಟಿನ ಹಿಂದೆ ಓಡಬೇಕು. ಉಳಿದ ಹೊತ್ತು ಅವಳು ತಗಡಿನ ಶೆಡ್‌ನಲ್ಲಿ ಸರಪಳಿಗೆ ಕಟ್ಟಿಸಿಕೊಂಡೇ ಇದ್ದಳು. ಮನೆಯ ಒಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಮೇ ಕೊನೆಯಲ್ಲಿ ಅವಳ ಮಾಲೀಕರು ಫೋನ್ ಮಾಡಿದರು. "ಮುಂಗಾಲು ಕುಂಟತೈತ್ರಿ, ಇನ್ನ ಓಡಂಗಿಲ್ಲ. ನೀವು ಒಯ್ದ್ರ ಒಯ್ರಿ, ಇಲ್ಲಾಂದ್ರ ಹೊಲದ ಕಡೆ ಬಿಡಬೇಕಾಗತೈತಿ" ಎಂದರು. ಮಾತು ಒರಟಾಗಿತ್ತು. ಆದರೆ ಸುಮ್ನೆ ಬಿಟ್ಟುಬಿಡದೆ ಫೋನ್ ಮಾಡಿದರಲ್ಲ, ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಮುಧೋಳ ನಾಯಿ ಅಂದರೆ ನಮ್ಮ ಭಾಗದ ಹೆಮ್ಮೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿದ್ದು, ಬ್ರಿಟನ್ನಿನ 5ನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟದ್ದು ಊರವರಿಗೆಲ್ಲ ಗೊತ್ತು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಸೈನ್ಯದವರೂ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿದ್ದಾರೆ. ಇಷ್ಟೆಲ್ಲ ಇದ್ದರೂ, ಕಾಲು ಸೋತ ಮುಧೋಳ ನಾಯಿ ಮುಂದೆ ಎಲ್ಲಿ ಇರಬೇಕು ಎಂಬುದಕ್ಕೆ ನಮ್ಮಲ್ಲಿ ಒಂದು ವ್ಯವಸ್ಥೆ ಇಲ್ಲ. ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಗ್ರೇಹೌಂಡ್ ರೇಸಿನಿಂದ ನಿವೃತ್ತವಾದ ನಾಯಿಗಳನ್ನು ಮನೆಗೆ ಒಗ್ಗಿಸುವ ಜನ ಬಹಳ ವರ್ಷಗಳಿಂದ ಇದ್ದಾರೆ. ಗ್ರೇಹೌಂಡ್, ಮುಧೋಳ ಎರಡೂ ವಾಸನೆಗಿಂತ ಕಣ್ಣು ನಂಬಿ ಬೆನ್ನಟ್ಟುವ ಜಾತಿ. ತೆಳು ಚರ್ಮ, ಕಡಿಮೆ ಕೊಬ್ಬು, ಸಣ್ಣ ತಲೆ, ಉದ್ದ ಕತ್ತು. ಹಾಗಾಗಿ ಅವರ ಅನುಭವವನ್ನೇ ನಾವು ಕೈಪಿಡಿ ಮಾಡಿಕೊಂಡೆವು.

ಅಜ್ಜಾರಿಗೆ 68, ಅಮ್ಮಾರಿಗೆ 63. ಧಾರವಾಡದ ಹಳೆಯ ಬಡಾವಣೆಯಲ್ಲಿ ಸ್ವಂತ ಮನೆ, ಹಿಂದೆ ಹಿತ್ತಲು, ಸುತ್ತ ಗೋಡೆ. ಮೊದಲು ಎರಡು ಬೀದಿ ನಾಯಿಗಳಿಗೆ ಆಸರೆ ಕೊಟ್ಟ ಅನುಭವ ಇತ್ತು. ಮೂರು ತಿಂಗಳ ಮಟ್ಟಿಗೆ ಒಪ್ಪಿಕೊಂಡರು. ಜೂನ್ ಮೊದಲ ವಾರ, ಮಳೆ ಹಿಡಿದ ದಿನವೇ ಚಿಗರಿ ಬಂದಳು. ತೂಕ 16 ಕಿಲೋ. ಪಕ್ಕೆಲುಬು ಎಣಿಸಬಹುದಿತ್ತು.

ಹೊಸ್ತಿಲು

ಅವಳು ಮನೆಯೊಳಗೆ ಬರಲಿಲ್ಲ. ಪಡಸಾಲೆಗೆ ನುಣ್ಣನೆಯ ಟೈಲ್ಸ್ ಹಾಕಿತ್ತು. ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಳು, ಅದು ಜಾರಿತು, ಹಿಂದೆ ಸರಿದು ನಿಂತಳು. ಬಿಸ್ಕಿಟ್ ತೋರಿಸಿದರೂ ಇಲ್ಲ, ಹಗ್ಗ ಹಿಡಿದು ಮೆಲ್ಲಗೆ ಎಳೆದರೂ ಇಲ್ಲ. ಕಾಲು ನಡುಗುತ್ತಿತ್ತು. ಎತ್ತಿಕೊಂಡು ಒಳಗೆ ಬಿಡೋಣ ಎಂದು ನಾನು ಹೇಳಿದೆ. ಅಮ್ಮಾರು ಬೇಡ ಎಂದರು. ಅವರು ಹಿತ್ತಲಿನಿಂದ ಗೋಣಿಚೀಲ ತಂದು, ಹೊಸ್ತಿಲಿನಿಂದ ಅಡುಗೆಮನೆಯ ಬಾಗಿಲತನಕ ಒಂದರ ಪಕ್ಕ ಒಂದು ಹಾಸಿದರು. ಒಟ್ಟು ಏಳು ಚೀಲ. ಹೊಳೆ ದಾಟಲು ಕಲ್ಲು ಇಟ್ಟ ಹಾಗೆ. ಕೊನೆಯಲ್ಲಿ, ಗೋಡೆಯ ಮೂಲೆಗೆ, ತಮ್ಮ ಹಳೆಯ ಕೌದಿ ಹಾಸಿದರು. ಆಮೇಲೆ ಇಬ್ಬರೂ ತಮ್ಮ ಕೆಲಸಕ್ಕೆ ಹೋದರು.

ಮೊದಲ ದಿನ ಚಿಗರಿ ಮೊದಲ ಚೀಲದ ಮೇಲೆ ಕುಳಿತಳು. ಎರಡನೇ ದಿನ ಮೂರನೆಯದರ ತನಕ ಬಂದಳು. ಮೂರನೇ ದಿನ ಬೆಳಗಿನ ಜಾವ ಅಜ್ಜಾರು ಎದ್ದು ನೋಡಿದರೆ ಕೌದಿಯ ಮೇಲೆ ಮಲಗಿದ್ದಳು. ಯಾವ ಹೊತ್ತಿಗೆ ದಾಟಿದಳೋ ಯಾರೂ ನೋಡಲಿಲ್ಲ. ಆಮೇಲೆ ವಾರಕ್ಕೊಂದು ಚೀಲದಂತೆ ತೆಗೆಯುತ್ತ ಬಂದರು.

ಊಟದ ವಿಷಯದಲ್ಲೂ ಅಮ್ಮಾರ ನಿರ್ಧಾರವೇ ಸರಿಯಾಯಿತು. ಹಿಂದಿನ ಮಾಲೀಕರು ಜೋಳದ ನುಚ್ಚು, ಹಾಲು, ಆಗಾಗ ತತ್ತಿ ಹಾಕುತ್ತಿದ್ದರು. ಒಳ್ಳೆಯ ಡಾಗ್ ಫುಡ್ ತಂದುಕೊಡುತ್ತೇನೆ ಎಂದೆ. "ಮನಿನೂ ಹೊಸದು, ಮಂದಿನೂ ಹೊಸಬ್ರು. ಊಟಾನಾದ್ರೂ ಹಳೇದು ಇರ್ಲಿ" ಎಂದರು. ಅದು ಪೂರ್ತಿ ಸಸ್ಯಾಹಾರಿ ಮನೆ. ತತ್ತಿ ಬೇಯಿಸಲು ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟರು. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ, ಒಂದೇ ಅಲ್ಯೂಮಿನಿಯಂ ಬೋಗುಣಿಯಲ್ಲಿ ಊಟ. ಅಜ್ಜಾರು ಬೋಗುಣಿಯ ಅಂಚಿಗೆ ಚಮಚದಿಂದ ಮೂರು ಸಲ ಬಡಿದು ಕೆಳಗಿಡುತ್ತಿದ್ದರು. ಅವರಿಗೆ ಅದು ಅಭ್ಯಾಸ, ಅಷ್ಟೇ. ಈ ಬಡಿತದ ಮಾತು ಮುಂದೆ ಬರುತ್ತದೆ.

ಮೊದಲ ತಪ್ಪು: 'ಶಾಂತ ನಾಯಿ'

ಮೊದಲ ವಾರದ ಟಿಪ್ಪಣಿಯಲ್ಲಿ ನಾನು ಬರೆದದ್ದು ಹೀಗಿದೆ: 'ಬಹಳ ಶಾಂತ. ಬೊಗಳುವುದಿಲ್ಲ. ಎಲ್ಲಿ ಮುಟ್ಟಿದರೂ ಸುಮ್ಮನಿರುತ್ತಾಳೆ. ಮಕ್ಕಳಿರುವ ಮನೆಗೂ ಆಗಬಹುದು.' ಅಜ್ಜಾರು ಕೂಡ, "ಇದು ನಾಯಿ ಅಲ್ರೀ, ದೇವರ ಹಸು ಇದ್ದಂಗ ಐತಿ" ಎನ್ನುತ್ತಿದ್ದರು.

ಅದು ಶಾಂತಿ ಆಗಿರಲಿಲ್ಲ. ಹೆದರಿಕೆಯಿಂದ ಮೈ ಮರಗಟ್ಟಿದ ನಾಯಿ ಅದು. ಬಾಲ ಹೊಟ್ಟೆಗೆ ಅಂಟಿತ್ತು. ತಲೆ ಸವರಿದರೆ ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ತುಟಿ ನೆಕ್ಕುತ್ತಿದ್ದಳು, ಹಸಿವಿಲ್ಲದೆಯೂ. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಬೊಗಳದ, ಕಚ್ಚದ ನಾಯಿ ಎಂದರೆ ಒಳ್ಳೆಯ ನಾಯಿ ಎಂದು ನಮ್ಮ ತಲೆಯಲ್ಲಿ ಕೂತಿರುತ್ತದೆ ಅಲ್ವಾ, ಹಾಗಾಗಿ ನೋಡಿದ್ದನ್ನು ಓದಲಿಲ್ಲ.

ಒಂಬತ್ತನೇ ದಿನ ಮೊಮ್ಮಗ ಬಂದ. ಆರು ವರ್ಷದ ಹುಡುಗ. ಮಧ್ಯಾಹ್ನ ಚಿಗರಿ ಕೌದಿಯ ಮೇಲೆ ಅರ್ಧ ಕಣ್ಣು ತೆರೆದೇ ನಿದ್ದೆ ಹೋಗಿದ್ದಳು. ಗ್ರೇಹೌಂಡ್‌ಗಳಲ್ಲೂ ಇದು ಸಾಮಾನ್ಯ. ಹುಡುಗ ಎಚ್ಚರವಿದ್ದಾಳೆ ಅಂದುಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟ. ಅವಳು ಬೆಚ್ಚಿ ತಿರುಗಿ ಬಾಯಿ ಹಾಕಿದಳು. ಮಣಿಕಟ್ಟಿನ ಮೇಲೆ ಹಲ್ಲಿನ ಗೀರು, ರಕ್ತ ಬರಲಿಲ್ಲ. ಕೂಡಲೇ ಅವಳೇ ಮೂಲೆಗೆ ಸರಿದು ಉಚ್ಚೆ ಮಾಡಿಕೊಂಡಳು.

ಅಮ್ಮಾರು ಹುಡುಗನ ಕೈಯನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದರು. ಅದೇ ದಿನ ಆಸ್ಪತ್ರೆಗೆ ಒಯ್ದು ರೇಬಿಸ್ ಲಸಿಕೆ ಶುರು ಮಾಡಿಸಿದರು. ಚಿಗರಿಗೆ ಬಂದ ವಾರವೇ ಲಸಿಕೆ ಹಾಕಿಸಿದ್ದೆವು. ಆದರೆ ಹಿಂದಿನದರ ದಾಖಲೆ ಇರಲಿಲ್ಲ. ಹಾಗಾಗಿ ಹುಡುಗನ ಲಸಿಕೆ ತಪ್ಪಿಸುವ ಮಾತೇ ಇರಲಿಲ್ಲ. ನಾಯಿಯನ್ನೂ 10 ದಿನ ಕಣ್ಣಿಟ್ಟು ನೋಡಿದರು. ಗೀರು ಎಷ್ಟೇ ಸಣ್ಣದಿದ್ದರೂ ಇದರಲ್ಲಿ ರಾಜಿ ಬೇಡ ಎಂದು ಇದನ್ನು ಓದುವ ಎಲ್ಲರನ್ನೂ ಕೈಮುಗಿದು ಕೇಳುತ್ತೇನೆ.

ಸಂಜೆ ನಾನು ಹೋದೆ. ನಾಯಿಯನ್ನು ವಾಪಸು ಕೊಡುತ್ತಾರೆ ಎಂದೇ ಅಂದುಕೊಂಡಿದ್ದೆ. ಅಮ್ಮಾರು ಹೇಳಿದ್ದು ಬೇರೆ. "ನಂಗ ನಾಯಿ ಮ್ಯಾಲ ಸಿಟ್ಟಿಲ್ಲ, ನಿಮ್ಮ ಮ್ಯಾಲ ಐತಿ. ಕಣ್ಣು ತೆರದ ಮಲಗತೈತಿ ಅಂತ ನಿಮಗ ಗೊತ್ತಿತ್ತು. ನಮಗ ಯಾಕ ಹೇಳ್ಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಿದ್ದೆ, ಗೊತ್ತಿತ್ತು, ಹೇಳಿರಲಿಲ್ಲ.

ಆ ಸಂಜೆ ಮೂರು ವಿಷಯ ನಿರ್ಧಾರವಾದವು. ಕೌದಿ ಇರುವ ಮೂಲೆಗೆ ಯಾರೂ ಹೋಗಬಾರದು, ಅದು ಅವಳ ಜಾಗ. ಎಬ್ಬಿಸಬೇಕಾದರೆ ದೂರದಿಂದ ಹೆಸರು ಕರೆಯಬೇಕು, ಮುಟ್ಟಬಾರದು. ಅವಳಾಗಿ ಹತ್ತಿರ ಬರುವತನಕ ಯಾರೂ ಸವರಬಾರದು. ಮೂರನೆಯದು ಅಜ್ಜಾರಿಗೆ ಬಹಳ ಕಷ್ಟವಾಯಿತು. ಪ್ರೀತಿ ತೋರಿಸಬೇಕೆಂದೇ ನಾಯಿ ತಂದವರಿಗೆ ಕೈ ಹಿಂದೆ ಕಟ್ಟಿಕೊಂಡು ಕೂರಿ ಎಂದ ಹಾಗೆ. ಹನ್ನೊಂದು ದಿನ ಹಾಗೇ ಕಳೆದವು. ಹನ್ನೆರಡನೇ ದಿನ ಅಜ್ಜಾರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದಾಗ ಚಿಗರಿ ಬಂದು ಅವರ ಮೊಣಕಾಲಿಗೆ ತನ್ನ ಪಕ್ಕೆ ಒರಗಿಸಿ ನಿಂತಳು. ಅಜ್ಜಾರು ಪೇಪರ್ ಮಡಚಲಿಲ್ಲ, ಅವಳ ಕಡೆ ತಿರುಗಿ ನೋಡಲಿಲ್ಲ. ಫೋನಿನಲ್ಲಿ ಇದನ್ನು ಹೇಳುವಾಗ ಅವರ ದನಿ ಕಟ್ಟಿತ್ತು.

ಜ್ವರ

ನಾಲ್ಕನೇ ವಾರ ಮತ್ತೆ ಅದೇ ತಪ್ಪು ಮಾಡುವುದರಲ್ಲಿದ್ದೆ. ಚಿಗರಿ ಜಾಸ್ತಿ ಮಲಗತೊಡಗಿದಳು. ಒಗ್ಗಿಕೊಂಡಿದ್ದಾಳೆ ಎಂದುಕೊಂಡೆವು. ಅಮ್ಮಾರು ಒಸಡು ನೋಡಿ ಬಿಳಿಚಿದೆ ಎಂದರು. ಮರುದಿನ ಮೂಗಿನಿಂದ ರಕ್ತ ಬಂತು. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ, ಅಂದರೆ ಉಣ್ಣಿಯಿಂದ ಬರುವ ಜ್ವರ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಬಹಳ ಇಳಿದಿತ್ತು. ಈ ರೋಗ ಎಷ್ಟೋ ದಿನ ಮೈಯಲ್ಲಿ ಅಡಗಿರಬಲ್ಲದು, ಶೆಡ್‌ನಿಂದಲೇ ತಂದಿರಬೇಕು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ, ಬರಿಹೊಟ್ಟೆಗೆ ಅಲ್ಲ, ನುಚ್ಚಿನ ಉಂಡೆಯೊಳಗೆ. ವಾರದೊಳಗೆ ಚೇತರಿಸಿಕೊಂಡಳು. ಈಗ ನಾವು ಇಂಥ ನಾಯಿ ಬಂದ ಮೊದಲ ವಾರವೇ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಜೊತೆಗೆ ಡಾಕ್ಟರಿಗೆ ಒಂದು ಮಾತು ನೆನಪಿಸುತ್ತೇವೆ: ಗ್ರೇಹೌಂಡ್ ಜಾತಿಯ ನಾಯಿಗಳ ರಕ್ತದಲ್ಲಿ ಆರೋಗ್ಯವಾಗಿದ್ದಾಗಲೂ ಕೆಂಪು ಕಣ ಜಾಸ್ತಿ, ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಇರುತ್ತವೆ. ಬೇರೆ ನಾಯಿಗಳ ಲೆಕ್ಕದಲ್ಲಿ ಓದಿದರೆ ದಾರಿ ತಪ್ಪಬಹುದು.

ಎರಡನೇ ತಪ್ಪು: ಬೈಕುಗಳು

ಎಂಟನೇ ವಾರ, ಶ್ರಾವಣದ ಒಂದು ಸಂಜೆ. ಮಳೆ ಆಗಷ್ಟೇ ನಿಂತಿತ್ತು. ಅಜ್ಜಾರು ಅವಳನ್ನು ಕೆಲಗೇರಿ ಕೆರೆಯ ಕಡೆಗಿನ ರಸ್ತೆಯಲ್ಲಿ ನಡೆಸಿಕೊಂಡು ಹೊರಟಿದ್ದರು. ಹಿಂದಿನಿಂದ ಒಬ್ಬ ಹುಡುಗ ಬೈಕಿನ ಎಕ್ಸಲರೇಟರ್ ಜೋರಾಗಿ ತಿರುವಿ ಮುಂದೆ ಹೋದ. ಹ್ಯಾಂಡಲ್‌ಗೆ ಸಿಕ್ಕಿಸಿದ್ದ ಕ್ಯಾರಿಬ್ಯಾಗ್ ಪಟಪಟ ಹಾರುತ್ತಿತ್ತು. ಬೈಕಿನ ಸದ್ದು, ಮುಂದೆ ಹಾರುವ ಬಟ್ಟೆಯಂಥ ವಸ್ತು. ಅವಳ ಮಟ್ಟಿಗೆ ಅದು ಓಟದ ಶುರು. ಒಮ್ಮೆಲೇ ಜಿಗಿದಳು. ಅಜ್ಜಾರು ಹಗ್ಗ ಬಿಡಲಿಲ್ಲ. ಆದರೆ ಕತ್ತಿನ ಪಟ್ಟಿ ಕಿವಿ ದಾಟಿ ಕಳಚಿ ಅವರ ಕೈಯಲ್ಲೇ ಉಳಿಯಿತು. ಈ ಜಾತಿಯ ನಾಯಿಗೆ ಕತ್ತಿಗಿಂತ ತಲೆ ಸಣ್ಣದು. ಸಾದಾ ಪಟ್ಟಿ ಎಷ್ಟು ಬಿಗಿದರೂ ಹಿಂದಕ್ಕೆಳೆದರೆ ಕಳಚುತ್ತದೆ. ಇದೂ ಗೊತ್ತಿದ್ದ ಸಂಗತಿ. ಬೇರೆ ಪಟ್ಟಿ ಹೊಲಿಸಲು ಕೊಟ್ಟಿದ್ದೆವು, ಬಂದಿರಲಿಲ್ಲ. ಬರುವತನಕ ಹಿತ್ತಲಲ್ಲೇ ಓಡಾಡಿಸಬೇಕಿತ್ತು.

ಕುಂಟುವ ಕಾಲಿನ ನಾಯಿ ಒಂದು ನಿಮಿಷದೊಳಗೆ ಕಣ್ಣಿಗೆ ಕಾಣದಾಯಿತು.

ನಾನು ಕೂಡಲೇ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ, ಬೈಕ್ ಇರುವವರೆಲ್ಲ ಬನ್ನಿ ಎಂದು ಬರೆದೆ. ಅರ್ಧ ತಾಸಿನಲ್ಲಿ ಹದಿನಾಲ್ಕು ಹುಡುಗರು ಬಂದರು. ಒಳ್ಳೆಯ ಮನಸ್ಸಿನವರು, ಮಳೆಯಲ್ಲಿ ನೆನೆಯುತ್ತ ಬಂದವರು. ಬ್ಯಾಟರಿ ಹಿಡಿದು, ಹೆಸರು ಕೂಗುತ್ತ, ಹೊಲದ ದಾರಿಗಳಲ್ಲಿ ಬೈಕು ಓಡಿಸಿದರು. ಎರಡು ಸಲ ಅವಳು ಕಂಡಳು. ಎರಡೂ ಸಲ ಬೈಕಿನ ಬೆಳಕು ಬಿದ್ದಿದ್ದೇ ತಡ ಇನ್ನೂ ದೂರ ಓಡಿದಳು. ಬೈಕಿಗೂ ಅವಳಿಗೂ ಏನು ನಂಟು ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ನನಗೆ. ಗಾಬರಿಯಲ್ಲಿ ಅದೇ ಮರೆತುಹೋಯಿತು.

ರಾತ್ರಿ ಹತ್ತೂವರೆಗೆ ಅಜ್ಜಾರು ಬಂದು ಹೇಳಿದರು: "ಎಲ್ಲಾರೂ ಮನಿಗೆ ಹೋಗ್ರಿ. ಗಾಡಿ ಬಂದ್ ಮಾಡ್ರಿ. ನಾ ಒಬ್ಬಾಂವ ಕುಂದ್ರತೀನಿ." ನಾನು ವಾದಿಸಿದೆ. ವಯಸ್ಸಾದವರು, ಮಳೆ, ಕತ್ತಲೆ, ಹಾವು-ಚೇಳು. ಕೊನೆಗೆ ನಾನು ನೂರು ಮೀಟರ್ ಹಿಂದೆ ರಸ್ತೆ ಬದಿ ನಿಲ್ಲುವುದು, ಅವರು ಮುಂದೆ ಕೂರುವುದು ಎಂದಾಯಿತು. ಅವಳು ಕೊನೆಗೆ ಕಂಡಿದ್ದ ಬೀಳು ಹೊಲದ ಬದುವಿನ ಮೇಲೆ ಅವರು ಆ ಕೌದಿ ಹಾಸಿದರು. ಕೊಡೆ ಬಿಚ್ಚಿ ಅದರ ಮೇಲೆ ಕುಳಿತರು. ಪಕ್ಕದಲ್ಲಿ ಬೋಗುಣಿ, ಅದರಲ್ಲಿ ನುಚ್ಚು, ತತ್ತಿ. ಹೆಸರು ಕೂಗಲಿಲ್ಲ. ಕಾಲು ಗಂಟೆಗೊಮ್ಮೆ ಚಮಚದಿಂದ ಅಂಚಿಗೆ ಮೂರು ಸಲ ಬಡಿಯುತ್ತಿದ್ದರು.

ಒಂದೂಕಾಲರ ಹೊತ್ತಿಗೆ ಬಡಿತದ ನಡುವೆ ನನಗೆ ಏನೋ ಕೇಳಿಸಿತು. ಕೆಸರಿನಲ್ಲಿ ಕಾಲು ಕೀಳುವ ಸದ್ದು, ನಿಲ್ಲುವುದು, ಮತ್ತೆ ಆ ಸದ್ದು. ಅಜ್ಜಾರು ಕದಲಲಿಲ್ಲ. ಚಿಗರಿ ಮೊದಲು ಬೋಗುಣಿಗೆ ಬಾಯಿ ಹಾಕಲಿಲ್ಲ. ಕೌದಿಯ ತುದಿಗೆ ಬಂದು ಮೂಗು ಇಟ್ಟು ಮೂಸಿದಳು. ಆಮೇಲೆ ಅವರ ಪಕ್ಕೆಗೆ ಒರಗಿ ನಿಂತಳು. ಅವರು ತಮ್ಮ ಶಾಲನ್ನು ಅವಳ ಎದೆಯ ಸುತ್ತ ತಂದು ಗಂಟು ಹಾಕಿದ ಮೇಲೆಯೇ ನನಗೆ ಕೈ ಬೀಸಿದರು. ಅವಳ ತೊಡೆಯ ಚರ್ಮ ಮುಳ್ಳು ತಂತಿಗೆ ನಾಲ್ಕು ಬೆರಳಿನಷ್ಟು ಸೀಳಿತ್ತು. ಈ ನಾಯಿಗಳ ಚರ್ಮ ಕಾಗದದಂತೆ ಹರಿಯುತ್ತದೆ. ಬೆಳಿಗ್ಗೆ ಹೊಲಿಗೆ ಬಿತ್ತು.

ಇಡೀ ಪ್ರಕರಣದಲ್ಲಿ ನಾನು ಹೆಚ್ಚು ಯೋಚಿಸಿದ್ದು ಈ ರಾತ್ರಿಯ ಬಗ್ಗೆ. ಕರೆದರೆ ಬರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಎಂಟು ವಾರ, ದಿನಕ್ಕೆ ಎರಡು ಸಲ, ಅದೇ ಹೊತ್ತು, ಅದೇ ಬೋಗುಣಿ, ಅದೇ ಮೂರು ಬಡಿತ. ಸುಮಾರು ನೂರು ಊಟ. ಅವಳನ್ನು ಕತ್ತಲೆಯಲ್ಲಿ ನಡೆಸಿಕೊಂಡು ಬಂದದ್ದು ಅದು. ಬೇಸರ ಬರುವಷ್ಟು ಒಂದೇ ಥರದ ದಿನಗಳು ಇಂಥ ನಾಯಿಗೆ ಬೇಕು ಎಂದು ಈಗ ನಾನು ಫಾಸ್ಟರ್ ಮನೆಯವರಿಗೆ ಮೊದಲ ದಿನವೇ ಹೇಳುತ್ತೇನೆ. ಹೊಸ ಆಟಿಕೆ, ಹೊಸ ತಿಂಡಿ, ನೋಡಲು ಬರುವ ನೆಂಟರು, ಇದೆಲ್ಲ ಮೂರು ತಿಂಗಳು ತಡೆಯಲಿ. ಮತ್ತು ನಾಯಿ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ. ಕೂರಿ.

ಮರುವಾರ ಹೊಸ ಪಟ್ಟಿ ಬಂತು. ಅಗಲವಾದ ಪಟ್ಟಿ, ತುದಿಗೆ ಎರಡು ಉಂಗುರ, ಅವುಗಳ ಮೂಲಕ ಹಾಯುವ ಇನ್ನೊಂದು ಸಣ್ಣ ಕುಣಿಕೆ. ಎಳೆದಷ್ಟೂ ಕತ್ತಿಗೆ ಹೊಂದಿ ಕೂರುತ್ತದೆ, ಉಸಿರು ಕಟ್ಟುವುದಿಲ್ಲ. ಜೊತೆಗೆ ಎದೆಪಟ್ಟಿ, ಎರಡಕ್ಕೂ ಬೇರೆ ಬೇರೆ ಹಗ್ಗ. ಓಡುವ ಆಸೆ ತೀರಲು ಭಾನುವಾರ ಪರಿಚಿತರ ಮಾವಿನ ತೋಟ, ಸುತ್ತ ಎತ್ತರದ ಗೋಡೆ ಇರುವಂಥದ್ದು. ಅಲ್ಲಿ ಎರಡು ಸುತ್ತು ಓಡಿ ಬಂದು ಮಲಗಿಬಿಡುತ್ತಿದ್ದಳು. ಇಷ್ಟು ವೇಗದ ನಾಯಿ ದಿನದ ಬಹುಪಾಲು ಮಲಗಿಯೇ ಕಳೆಯುತ್ತದೆ ಎಂದರೆ ಜನ ನಂಬುವುದಿಲ್ಲ.

ಯಾರಿಗೆ ಕೊಡುವುದು

ಹನ್ನೆರಡನೇ ವಾರದ ಹೊತ್ತಿಗೆ ತೂಕ 21 ಕಿಲೋ. ಕೇಳಿಕೊಂಡು ಬಂದವರಿಗೆ ಕೊರತೆ ಇರಲಿಲ್ಲ. ಒಬ್ಬರು ಮೊಲ ಹಿಡಿಸಲು ಬೇಕು ಎಂದು ಬಾಯಿ ಬಿಟ್ಟೇ ಹೇಳಿದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ ಎಂದು ಹೇಳಿ ಕಳಿಸಿದೆವು. ಇಬ್ಬರು ಮರಿ ಹಾಕಿಸುವ ಲೆಕ್ಕದಲ್ಲಿದ್ದರು. ಹಾಗಾಗಿ ಗರ್ಭಕೋಶದ ಆಪರೇಷನ್ ಮುಗಿಸದೆ ಯಾರಿಗೂ ಕೊಡಬಾರದು ಎಂದು ನಿರ್ಧರಿಸಿದೆವು. ಪ್ಲೇಟ್‌ಲೆಟ್ ಸರಿಯಾಗಿದೆಯೇ ಎಂದು ಮತ್ತೆ ಪರೀಕ್ಷೆ ಮಾಡಿಸಿಕೊಂಡೇ ಮುಂದುವರಿದೆವು. ಗ್ರೇಹೌಂಡ್‌ಗಳಿಗೆ ಥಯೋಪೆಂಟೋನ್ ಥರದ ಅರಿವಳಿಕೆ ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ಬಹಳ ಹೊತ್ತು ಬೇಕು. ಡಾಕ್ಟರ್ ಮೊದಲೇ ಅದನ್ನು ಬಿಟ್ಟು ಬೇರೆ ಔಷಧ ಆರಿಸಿದರು. ಕೊಬ್ಬಿಲ್ಲದ ಮೈ ಬೇಗ ತಣ್ಣಗಾಗುತ್ತದೆ ಎಂದು ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರು. ತೊಂದರೆ ಆಗಲಿಲ್ಲ. ಗಣಪತಿ ಕಳಿಸುವ ರಾತ್ರಿ ಪಟಾಕಿ ಸದ್ದಿಗೆ ಒಳಕೋಣೆಯಲ್ಲಿ ಅಮ್ಮಾರು ಅವಳ ಜೊತೆಗೇ ಮಲಗಿದರು.

ಅಜ್ಜಾರಿಗೆ ಅವಳನ್ನು ತಾವೇ ಇಟ್ಟುಕೊಳ್ಳುವ ಆಸೆ ಇತ್ತು. ಅಮ್ಮಾರಿಗೂ ಇತ್ತು. ಆದರೆ ಇಂಥ ನಾಯಿ ಇನ್ನೂ ಎಂಟು-ಹತ್ತು ವರ್ಷ ಬಾಳಬಹುದು. ಒಮ್ಮೆ ಜಿಗಿದರೆ ಹಿಡಿಯಲು ತೋಳಲ್ಲಿ ಬಲ ಬೇಕು. ಮೊಮ್ಮಗನೂ ರಜೆಗೆ ಬಂದುಹೋಗುತ್ತಾನೆ. ಬೇಡ ಎಂದು ಹೇಳಿದವರು ಅಮ್ಮಾರೇ. ಆ ಸಂಜೆ ಅವರು ಊಟ ಮಾಡಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ದಸರೆ ಮುಗಿದ ಮೇಲೆ ಚಿಗರಿ ಗದಗಿಗೆ ಹೋದಳು. ಮನೆಯಿಂದಲೇ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ಅವರ ತಾಯಿ. ನೆಲಮಹಡಿ, ಆರಡಿ ಗೋಡೆ, ಬೆಕ್ಕು-ಕೋಳಿ ಇಲ್ಲ. ಅವರು ಮೂರು ಭಾನುವಾರ ಧಾರವಾಡಕ್ಕೆ ಬಂದು, ಕೈ ಚಾಚದೆ ಸುಮ್ಮನೆ ಕಟ್ಟೆಯ ಮೇಲೆ ಕೂತು ಹೋಗಿದ್ದರು. ಅದನ್ನು ನೋಡಿಯೇ ನಾನು ಒಪ್ಪಿದೆ. ಕೊಡುವ ದಿನ ಅಜ್ಜಾರು ಜೊತೆಗೆ ಹೋಗಿ ಎರಡು ರಾತ್ರಿ ಅಲ್ಲೇ ಉಳಿದರು. ಕೌದಿ ಒಯ್ದರು, ಒಗೆಯದೆ. ಹೊಸ್ತಿಲಿನಿಂದ ಒಳಗೆ ನಾಲ್ಕು ಗೋಣಿಚೀಲ ಹಾಸಿದರು. ಈ ಸಲ ಅವಳು ದಾಟಲು ಒಂದು ತಾಸು ಸಾಕಾಯಿತು. ಎರಡನೇ ಸಂಜೆ ಆರಕ್ಕೆ ಬೋಗುಣಿ ಬಡಿದದ್ದು ಆ ಹೆಣ್ಣುಮಗಳು. ಅಜ್ಜಾರು ಪಕ್ಕದ ಕೋಣೆಯಲ್ಲಿ ಸದ್ದಿಲ್ಲದೆ ಕೂತಿದ್ದರು.

ಈಗ ಐದು ತಿಂಗಳಾಯಿತು. ಮಧ್ಯಾಹ್ನ ಕಣ್ಣು ಪೂರ್ತಿ ಮುಚ್ಚಿ, ನಾಲ್ಕೂ ಕಾಲು ಮೇಲೆ ಮಾಡಿ ಮಲಗುತ್ತಾಳಂತೆ. ಬೈಕಿನ ಸದ್ದಿಗೆ ಇನ್ನೂ ಕಿವಿ ನಿಮಿರುತ್ತದೆ. ಎರಡು ಹಗ್ಗವಿಲ್ಲದೆ ಗೇಟು ದಾಟಿಸುವುದಿಲ್ಲ. ಕಳೆದ ವಾರ ಅವರು ಫೋನ್ ಮಾಡಿ, ಬೋಗುಣಿಯ ಅಂಚು ಬಡಿದು ಬಡಿದು ತಗ್ಗಾಗಿದೆ, ಸ್ಟೀಲಿನದು ತರಲೇ ಎಂದು ಕೇಳಿದರು. ನಾನು ಅಜ್ಜಾರನ್ನು ಕೇಳಿ ಹೇಳುತ್ತೇನೆ ಎಂದೆ. ಸ್ಟೀಲಿನ ಸದ್ದು ಬೇರೆ, ಹಳೆಯದೇ ಇರಲಿ ಎಂದರು ಅಜ್ಜಾರು.